ನೊರೆ ಹತ್ತಿಸಲು ಹೊರಟ ಲಿಫ್ಟ್ ಮೆಕ್ಯಾನಿಕ್

"ಹದಿಮೂರು ಜನ ತುಂಬಿದ ಲಿಫ್ಟನ್ನ ನೆಲಕ್ಕೆ ಸಮಸಮವಾಗಿ ನಿಲ್ಲಿಸೋನು ನಾನು. ಒಂದು ಹಿಡಿ ನೊರೆನ ನಾಲ್ಕು ಬೆರಳು ಮೇಲೆ ಹತ್ತಿಸೋಕೆ ಹತ್ತು ದಿನ ಬೇಕಾ? ಹತ್ತು ನಿಮಿಷ ಸಾಕು."

ಸಮುದ್ರದ ಮೀನು ಮಾರುವ ಅಂಗಡಿಯಲ್ಲಿ, ಗಾಜಿನ ತೊಟ್ಟಿಗಳ ಸಾಲಿನ ಮುಂದೆ ಎದೆಯುಬ್ಬಿಸಿ ನಿಂತು ಹೀಗೆ ಸಾರಿದವನು ಇಪ್ಪತ್ತೆರಡು ವರ್ಷ ಅನುಭವವಿದ್ದ ಒಬ್ಬ ಲಿಫ್ಟ್ ಮೆಕ್ಯಾನಿಕ್. ಕೇಳಿಸಿಕೊಂಡವರು ಇಬ್ಬರು. ಒಬ್ಬಳು ಅವನ ಹೆಂಡತಿ. ಔಷಧಿ ಅಂಗಡಿಯಲ್ಲಿ ಮುಲಾಮು ಅರೆದು ಗ್ರಾಂ ಲೆಕ್ಕದಲ್ಲಿ ಡಬ್ಬಿಗೆ ತುಂಬುವುದು ಅವಳ ಕೆಲಸ. ಗಂಡನ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಅಭ್ಯಾಸ. ಇನ್ನೊಬ್ಬಳು ಮೀನಿನ ಅಂಗಡಿಯಾಕೆ. ವರ್ಷಾನುಗಟ್ಟಲೆ ಮೀನುಗಳ ಸಹವಾಸ ಮಾಡಿದ್ದಕ್ಕೋ ಏನೋ, ಆಕೆಯದು ಅಳೆದು ತೂಗಿದಂಥ ಮಾತು.

"ಇದು ಪ್ರೋಟೀನ್ ಸ್ಕಿಮ್ಮರ್," ಎಂದು ಆಕೆ ಉದ್ದನೆಯ ಕೊಳವೆಯಂಥ ಯಂತ್ರವನ್ನು ಮೇಜಿನ ಮೇಲಿಟ್ಟು ಮತ್ತೆ ಮೊದಲಿನಿಂದ ಹೇಳಿದಳು. "ನೀರಿಗೆ ಗಾಳಿ ಬೆರೆಸಿ ನೊರೆ ಮಾಡುತ್ತೆ. ನೀರಲ್ಲಿರೋ ಕೊಳೆ ನೊರೆಗೆ ಅಂಟಿಕೊಂಡು, ಈ ಕತ್ತಿನೊಳಗೆ ಹತ್ತಿ, ಮೇಲಿರೋ ಬಟ್ಟಲಿಗೆ ಬೀಳುತ್ತೆ. ಹೊಸ ಮಷೀನು ಹತ್ತು ದಿನ ಹಠ ಮಾಡುತ್ತೆ. ದಿನಕ್ಕೆ ಒಂದೇ ಸಲ, ಒಂಚೂರು ತಿರುಪು ತಿರುಗಿಸಿ, ಸುಮ್ಮನಿದ್ದುಬಿಡಿ. ಬಟ್ಟಲಲ್ಲಿ ಟೀ ಬಣ್ಣದ ಕೊಳೆ ಕಂಡ ಮೇಲೆ ಆ ಜೋಡಿ ಕೊಡ್ತೀನಿ. ಅಲ್ಲೀತನಕ ಕೇಳಬೇಡಿ."

ಆ ಜೋಡಿ ಅಂದರೆ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಎರಡು ಪುಟ್ಟ ಮೀನುಗಳು. ಒಂದು ತಿಂಗಳಿಂದ ಮೆಕ್ಯಾನಿಕ್ ಕೆಲಸ ಮುಗಿಸಿ ಬರುವಾಗ ದಿನವೂ ಆ ಅಂಗಡಿಗೆ ನುಗ್ಗಿ ಅವನ್ನು ಮಾತಾಡಿಸಿಕೊಂಡು ಬರುತ್ತಿದ್ದ. ಹೆಂಡತಿಗೆ ಫೋನ್ ಮಾಡದೆ ಇದ್ದ ದಿನವುಂಟು, ಮೀನು ನೋಡದೆ ಇದ್ದ ದಿನವಿಲ್ಲ. ಇಡೀ ದಿನ ಕತ್ತಲೆ ಗುಂಡಿಯಲ್ಲಿ ಉಕ್ಕಿನ ಹಗ್ಗಗಳ ಜೊತೆ ಗುದ್ದಾಡುವ ಮನುಷ್ಯನಿಗೆ ಆ ಬಣ್ಣ ಬೇಕಾಗಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ತನ್ನ ಷರತ್ತು ಮುಂದಿಟ್ಟಳು. ಅದಕ್ಕೆ ಕಾರಣವಿತ್ತು. ಹಾಲ್‌ನಲ್ಲಿ ಸೋಫಾ ಇದ್ದ ಜಾಗದಲ್ಲಿ ಈಗ ಉಪ್ಪುನೀರು, ಮರಳು, ಸಮುದ್ರದ ಕಲ್ಲುಗಳನ್ನು ತುಂಬಿಕೊಂಡ ನಾಲ್ಕಡಿಯ ತೊಟ್ಟಿ ಕೂತಿತ್ತು. ಸೋಫಾ ಮಲಗುವ ಕೋಣೆಯಲ್ಲಿ ಒಂದು ತುದಿಯ ಮೇಲೆ ನೆಟ್ಟಗೆ ನಿಂತಿತ್ತು. ಮೂರು ವಾರದಿಂದ ಗಂಡಹೆಂಡಿರಿಬ್ಬರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೀನಿಲ್ಲದ ನೀರನ್ನು ನೋಡುತ್ತಿದ್ದರು.

"ಮುಂದಿನ ವಾರದ ಭಾನುವಾರಕ್ಕೆ ಸರಿಯಾಗಿ ಹತ್ತು ದಿನ," ಅಂದಳು ಹೆಂಡತಿ. "ಅಷ್ಟರಲ್ಲಿ ಈ ನೊರೆ ಮಷೀನು ಸರಿಹೋದ್ರೆ ಮೀನು ತನ್ನಿ, ನಾನು ಚಕಾರ ಎತ್ತಲ್ಲ. ಇಲ್ಲದಿದ್ರೆ ತೊಟ್ಟಿ ಅಣ್ಣನ ಮನೆಗೆ, ಸೋಫಾ ಹಾಲ್‌ಗೆ."

"ನಿಮ್ಮಣ್ಣನಿಗೆ ಈಗಲೇ ಹೇಳಿಬಿಡು, ಆಸೆ ಇಟ್ಕೋಬೇಡ ಅಂತ."

ಅಣ್ಣ, ಅಂದರೆ ಮೆಕ್ಯಾನಿಕ್ಕಿನ ಭಾವ, ಮೂವತ್ತು ವರ್ಷದಿಂದ ಸಿಹಿನೀರಿನ ಮೀನು ಸಾಕಿದವರು. ತೊಟ್ಟಿ ನೋಡಲು ಬಂದ ಮೊದಲ ದಿನವೇ ಜೇಬಿನಿಂದ ಟೇಪು ತೆಗೆದು ಅದರ ಉದ್ದಗಲ ಅಳೆದುಕೊಂಡು ಹೋಗಿದ್ದರು. ಕೇಳಿದ್ದಕ್ಕೆ, "ಸುಮ್ನೆ, ಗೊತ್ತಿರ್ಲಿ ಅಂತ," ಅಂದಿದ್ದರು.

ಮೆಕ್ಯಾನಿಕ್ ಯಂತ್ರವನ್ನು ತೊಟ್ಟಿಯ ಹಿಂಬದಿಗೆ ನೇತುಹಾಕಿದ. ನೀರಿನ ಮಟ್ಟ ಏರಿಸುವ ತಿರುಪು ನೀರಿನೊಳಗೆ, ಮೂಲೆಯಲ್ಲಿತ್ತು. ಮೊಣಕೈವರೆಗೂ ಕೈ ಇಳಿಸಬೇಕು. ಇಳಿಸಿದ. ತಿರುಗಿಸಿದ. ಕಾದ. ನೊರೆ ಬರಲಿಲ್ಲ. ಮತ್ತೆ ತಿರುಗಿಸಿದ. ಹತ್ತು ನಿಮಿಷ ಎರಡು ಗಂಟೆಯಾಯಿತು. ಕೆಲಸದ ಚೀಲದಿಂದ ರಸಮಟ್ಟ ತಂದು ಯಂತ್ರ ನೆಟ್ಟಗಿದೆಯೇ ನೋಡಿದ. ಕಿವಿಯಿಟ್ಟು ಪಂಪಿನ ಎದೆಬಡಿತ ಆಲಿಸಿದ. ಎಲ್ಲ ಸರಿಯಾಗಿತ್ತು, ನೊರೆಯೊಂದು ಬಿಟ್ಟು.

ಸಾಯಂಕಾಲ ಹೆಂಡತಿಯ ಕಣ್ಣಿಗೆ ಬಿದ್ದದ್ದು ಯಂತ್ರವಲ್ಲ, ಗಂಡನ ಕೈ.

"ಇದೇನ್ರೀ ಕೈ, ಮರದ ತೊಗಟೆ ಥರ?"

"ಉಪ್ಪುನೀರು. ಒಣಗಿ ಬಿರಿದಿದೆ, ಅಷ್ಟೇ."

ಅವಳು ಎದ್ದು ಹೋಗಿ ಒಂದು ಡಬ್ಬಿ ತಂದಳು. ಜೇನುಮೇಣ ಕರಗಿಸಿ, ಎಣ್ಣೆ ಬೆರೆಸಿ ತಾನೇ ಮಾಡಿದ ಮುಲಾಮು. ಬೆರಳ ತುದಿಯಿಂದ ಮೊಣಕೈವರೆಗೂ ತಿಕ್ಕಿ ತಿಕ್ಕಿ ಹಚ್ಚಿದಳು. "ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ. ಮರೀಬೇಡಿ." ಹೆಂಡತಿಯ ಯಾವ ಮಾತನ್ನು ಮೀರಿದರೂ ಈ ಮಾತನ್ನು ಅವನು ಮೀರಲಿಲ್ಲ. ಆ ಉಪಚಾರ ಅವನಿಗೆ ಬಹಳ ಹಿತವಾಗಿತ್ತು.

ಮೂರನೇ ದಿನ ಬೆಳಿಗ್ಗೆ ನೊರೆ ಬಂತು. ಹೂವಿನಂಥ ಬಿಳಿ ನೊರೆ ಯಂತ್ರದ ಕತ್ತಿನವರೆಗೂ ಏರಿ ನಿಂತಿತ್ತು. ಇನ್ನೊಂದು ಬೆರಳು ಏರಿದರೆ ಬಟ್ಟಲಿಗೆ ಬೀಳುತ್ತದೆ. ಮುಲಾಮು ಹಚ್ಚಿಸಿಕೊಂಡು ಬಂದ ಮೆಕ್ಯಾನಿಕ್, ಆ ಒಂದು ಬೆರಳಿಗಾಗಿ ಕೈ ಇಳಿಸಿದ. ತಿರುಪು ಮುಟ್ಟಿ ಕೈ ಹೊರಗೆ ತೆಗೆಯುವಷ್ಟರಲ್ಲಿ, ಉಕ್ಕುವ ಹಾಲಿನ ಕೆಳಗೆ ಒಲೆ ಆರಿಸಿದ ಹಾಗೆ, ನೊರೆ ಸರ್ರನೆ ತಳಕ್ಕಿಳಿಯಿತು. ಅವನಿಗೆ ರೇಗಿತು. ಎರಡು ಸುತ್ತು ಜಾಸ್ತಿಯೇ ತಿರುಗಿಸಿ ಕೆಲಸಕ್ಕೆ ಹೋದ.

ಸಂಜೆ ಬಾಗಿಲು ತೆಗೆದರೆ ಹಾಲ್ ತುಂಬ ನೀರು. ಹೆಂಡತಿಯ ಚಪ್ಪಲಿ ಒಂದು ಕುರ್ಚಿಯ ಕೆಳಗೆ, ಇನ್ನೊಂದು ಅಡುಗೆಮನೆಯ ಹೊಸ್ತಿಲಲ್ಲಿ. ಹಗಲೆಲ್ಲ ನೊರೆ ಉಕ್ಕಿ ಉಕ್ಕಿ ಹರಿದಿತ್ತು. ತಿರುಪು ಹಿಂದಕ್ಕೆ ತಿರುಗಿಸಿದ. ನೊರೆ ಮತ್ತೆ ತಳ ಕಂಡಿತು. ಹಿಂದಕ್ಕೆ ಹೋದದ್ದು ಹೆಚ್ಚಾಯಿತೆಂದು ಮುಂದಕ್ಕೆ ತಿರುಗಿಸಿದ. ಮರುದಿನ ಮತ್ತೆ ನೆರೆ. ಕೈ ಹೆಚ್ಚು ನೆನೆದಷ್ಟೂ ಹೆಚ್ಚು ಬಿರಿಯಿತು. ಬಿರಿದಷ್ಟೂ ಹೆಂಡತಿ ಮುಲಾಮನ್ನು ದಪ್ಪಗೆ ಹಚ್ಚಿದಳು.

"ಈ ಮಷೀನಿಗೆ ನನ್ನ ಮೇಲೆ ಏನೋ ಹಗೆ ಇದೆ ಕಣೇ. ನಾನು ಮುಟ್ಟಿದ್ರೆ ಮಲಗುತ್ತೆ, ಮನೆ ಬಿಟ್ಟು ಹೋದ್ರೆ ಎದ್ದು ಕುಣಿಯುತ್ತೆ."

"ನನಗೂ ಈಗ ನಿಮ್ಮ ಮೇಲೆ ಅದೇ ಹಗೆ," ಅಂದಳು ನೆಲ ಒರೆಸುತ್ತಿದ್ದ ಹೆಂಡತಿ. "ಆದ್ರೆ ನಾನು ಕುಣಿಯಲ್ಲ."

ಅಂಗಡಿಯಾಕೆಗೆ ಫೋನ್ ಮಾಡಿದ. "ತಿರುಪು ಎಷ್ಟು ಸಲ ತಿರುಗಿಸ್ತಿದ್ದೀರಿ?" ಎಂದು ಆಕೆ ಕೇಳಿದಳು.

"ಎರಡು ಮೂರು ಸಲ."

"ಗಂಟೆಗೆ," ಎಂದು ಹೆಂಡತಿ ಹಿಂದಿನಿಂದ ಸೇರಿಸಿದಳು.

ಗುರುವಾರ ಬಂತು. ಭಾನುವಾರಕ್ಕೆ ಮೂರೇ ದಿನ. ಬೆಳಿಗ್ಗೆ ಮೆಕ್ಯಾನಿಕ್ ಹಲ್ಲು ಕಚ್ಚಿ ತಿರುಪನ್ನು ಕೊನೆಯವರೆಗೂ ತಿರುಗಿಸಿ, ಆಗಿದ್ದಾಗಲಿ ಎಂದು ಹೊರಟುಬಿಟ್ಟ. ಮಧ್ಯಾಹ್ನ ನಗರದ ಇನ್ನೊಂದು ತುದಿಯಲ್ಲಿ, ಯಾರದೋ ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದಾಗ ಆಫೀಸಿನಿಂದ ಫೋನ್ ಬಂತು.

"ಅರ್ಜೆಂಟ್ ಕಂಪ್ಲೇಂಟು. ಲಿಫ್ಟೊಳಗೆ ನೀರು ನುಗ್ಗಿ ನಿಂತುಹೋಗಿದೆಯಂತೆ. ಅಡ್ರೆಸ್ ಬರ್ಕೋ."

ಪೆನ್ಸಿಲ್ ತೆಗೆದು ಬರೆದುಕೊಂಡ. ಕಟ್ಟಡದ ನಂಬರು ಬರೆದ. ರಸ್ತೆ ಬರೆದ. "ಐದನೇ ಮಹಡಿ ಕಡೆಯಿಂದ ನೀರು ಬರ್ತಿದೆ ಅಂತಾರೆ," ಎಂದಾಗ ಪೆನ್ಸಿಲ್ ನಿಂತಿತು. ಅವನು ಬರೆಯುತ್ತಿದ್ದುದು ತನ್ನದೇ ಮನೆಯ ವಿಳಾಸ.

ಐದು ಮಹಡಿ ಓಡಿ ಹತ್ತಿ ನೋಡಿದರೆ, ಅವನ ಮನೆಯ ಬಾಗಿಲ ಕೆಳಗಿಂದ ಹೊರಟ ನೀರು ಕಾರಿಡಾರ್ ದಾಟಿ ನೇರವಾಗಿ ಲಿಫ್ಟಿನ ಬಾಗಿಲ ಸಂದಿಗೆ ಇಳಿಯುತ್ತಿತ್ತು. ಇಪ್ಪತ್ತೈದು ಲೀಟರಿಗೆ ಕಡಿಮೆಯಿಲ್ಲ. ನಾಲ್ಕನೇ ಮಹಡಿಯ ನಿವೃತ್ತ ಮೇಷ್ಟ್ರು ಬಗ್ಗಿ, ಬೆರಳದ್ದಿ, ನಾಲಗೆಗೆ ಮುಟ್ಟಿಸಿ ನೋಡಿದರು.

"ಉಪ್ಪು," ಎಂದು ಅವರು ತೀರ್ಪು ಕೊಟ್ಟರು. "ನಮ್ಮ ಬಿಲ್ಡಿಂಗಿಗೆ ಸಮುದ್ರ ಯಾವಾಗ ಬಂತಪ್ಪಾ?"

ಮೆಕ್ಯಾನಿಕ್ ಒಳಗೆ ನುಗ್ಗಿ ತಿರುಪು ಹಿಂದಕ್ಕೆ ತಿರುಗಿಸತೊಡಗಿದ. ಅರ್ಧಕ್ಕೆ ಬಂದಿರಬೇಕು, ಮೇಷ್ಟ್ರು ಬಾಗಿಲು ತಟ್ಟಿದರು. "ಲಿಫ್ಟ್ ಯಾವಾಗ ಸರಿಹೋಗುತ್ತೆ? ನನ್ನ ಮಂಡಿ ಕೇಳ್ತಿದೆ." ಅರ್ಧ ತಿರುಗಿಸಿದ್ದನ್ನು ಅಲ್ಲಿಗೇ ಬಿಟ್ಟು ಓಡಬೇಕಾಯಿತು.

ಉಪ್ಪುನೀರು ಐದೂ ಮಹಡಿಗಳ ಬಾಗಿಲ ಸ್ವಿಚ್ಚುಗಳಿಗೆ ಹೊಕ್ಕಿತ್ತು. ಒಂದೊಂದನ್ನೂ ಬಿಚ್ಚಿ, ಉಪ್ಪು ಕೆರೆದು, ಒಣಗಿಸಿ, ಮತ್ತೆ ಕೂರಿಸಬೇಕು. ಶುಕ್ರವಾರ, ಶನಿವಾರ ಎರಡೂ ದಿನ ರಜೆ ಹಾಕಿ ಅವನು ಲಿಫ್ಟಿನ ಗುಂಡಿಯಲ್ಲೇ ಇದ್ದ. ಊಟಕ್ಕೆ ಮಾತ್ರ ಮೇಲೆ ಬರುತ್ತಿದ್ದ, ಮೊಣಕೈವರೆಗೂ ಕಪ್ಪು ಗ್ರೀಸು.

"ಆ ಕೈಯನ್ನ ತೊಟ್ಟಿಗೆ ಹಾಕಿದ್ರೋ, ತೊಟ್ಟಿ ಭಾನುವಾರದ ತನಕವೂ ಇರಲ್ಲ," ಎಂದು ಹೆಂಡತಿ ಎಚ್ಚರಿಸಿದಳು. ಕಡಿಮೆಯಾದ ನೀರಿಗೆ ಉಪ್ಪನ್ನು ತೂಕ ಮಾಡಿ ಬೆರೆಸಿ ತುಂಬಿದವಳೂ ಅವಳೇ. ಗಂಡನಿಗೆ ತೊಟ್ಟಿಯ ಕಡೆ ತಿರುಗಿ ನೋಡುವ ಮುಖವೂ ಉಳಿದಿರಲಿಲ್ಲ.

ಶನಿವಾರ ಮಧ್ಯಾಹ್ನ, ಎರಡನೇ ಮಹಡಿಯ ಸ್ವಿಚ್ಚು ಕೆರೆಯುತ್ತಿದ್ದಾಗ ಅವನಿಗೊಂದು ಉಪಾಯ ಹೊಳೆಯಿತು. ಲಿಫ್ಟ್ ಸರಿಹೋಗದಿದ್ದರೆ ನಾಲ್ಕಡಿಯ ಗಾಜಿನ ತೊಟ್ಟಿಯನ್ನು ಭಾವನವರು ಕೆಳಗಿಳಿಸುವುದು ಹೇಗೆ? ಇನ್ನೊಂದು ವಾರ ಎಳೆದರಾಯಿತು. ಲಿಫ್ಟಿನ ರೋಗ ಗೊತ್ತಿರುವವನು ಅವನೊಬ್ಬನೇ, ಕೇಳುವವರು ಯಾರು? ಸ್ಪ್ಯಾನರ್ ಕೆಳಗಿಟ್ಟು ಹಾಯಾಗಿ ಗೋಡೆಗೊರಗಿದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಂಡತಿ ಕಂಡಳು. ಎರಡೂ ಕೈಯಲ್ಲಿ ಚೀಲ, ಹಣೆಯ ತುಂಬ ಬೆವರು. ಅವನ ಹತ್ತಿರ ಬಂದು ಚೀಲ ಇಳಿಸಿ ಒಂದು ನಿಮಿಷ ಉಸಿರು ತೆಗೆದುಕೊಂಡಳು. ಬಯ್ಯುತ್ತಾಳೆಂದುಕೊಂಡ. ಅವಳು ಬಯ್ಯಲಿಲ್ಲ.

"ಮಧ್ಯಾಹ್ನ ಏನೂ ತಿಂದಿಲ್ಲ ನೀವು. ಬಿಸಿ ಮಾಡಿಡ್ತೀನಿ, ಬನ್ನಿ," ಎಂದು ಮತ್ತೆ ಹತ್ತತೊಡಗಿದಳು.

ಅವನಿಗೆ ನಾಚಿಕೆಯಾಯಿತು. ಸ್ಪ್ಯಾನರ್ ಕೈಗೆತ್ತಿಕೊಂಡ. ಹೋದರೆ ತೊಟ್ಟಿ ಹೋಗಲಿ, ಇವಳು ನಾಳೆ ಮೆಟ್ಟಿಲು ಹತ್ತುವುದು ಬೇಡ ಎಂದುಕೊಂಡು ಕೆಲಸಕ್ಕೆ ಕೂತ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಲಿಫ್ಟ್ ಓಡಿತು. ಐದನೇ ಮಹಡಿಗೆ ಅದರಲ್ಲಿ ಮೊದಲು ಬಂದವರು ಭಾವನವರು. ಹೆಗಲಲ್ಲಿ ಹಗ್ಗ, ಕಂಕುಳಲ್ಲಿ ಎರಡು ಹಳೇ ಕಂಬಳಿ.

"ಬೆಣ್ಣೆ ಥರ ಬಂತು ಕಣಯ್ಯ ನಿನ್ನ ಲಿಫ್ಟು," ಎಂದು ಮೆಚ್ಚಿಕೊಂಡರು. "ತೊಟ್ಟಿ ಇಳಿಸೋಕೆ ಹೇಳಿ ಮಾಡಿಸಿದ ಹಾಗಿದೆ."

ಮೆಕ್ಯಾನಿಕ್ ತನ್ನ ತೊಟ್ಟಿಯನ್ನು ಸಾಗಿಸುವ ದಾರಿಯನ್ನು ತಾನೇ ಎರಡು ದಿನ ಬೆವರು ಸುರಿಸಿ ಸರಿಮಾಡಿದ್ದ. ಕಿತ್ತಳೆ ಮೀನುಗಳಿಗೆ ನಾಳೆ ಏನು ಹೇಳುವುದು ಎಂದು ಯೋಚಿಸುತ್ತ ಗೋಡೆ ನೋಡಿಕೊಂಡು ನಿಂತ. ಭಾವ ಕಂಬಳಿ ಬಿಡಿಸತೊಡಗಿದರು. ಹೆಂಡತಿ ಯಂತ್ರ ಕಳಚಲು ಹಿಂಬದಿಗೆ ಹೋದಳು. ಹೋದವಳು ಅಲ್ಲೇ ನಿಂತಳು.

"ರೀ, ಬನ್ನಿ ಇಲ್ಲಿ."

ಬಟ್ಟಲಲ್ಲಿ ಅರ್ಧದಷ್ಟು, ಬಹಳ ಹೊತ್ತು ಕುದಿಸಿದ ಟೀಯಂಥ ಗಾಢ ಕಂದು ದ್ರವ. ಅದರ ಮೇಲೆ ನೊರೆ ಮೆಲ್ಲಗೆ ಏರಿ, ಅಂಚು ದಾಟಿ, ತನ್ನ ಪಾಡಿಗೆ ತಾನು ಬೀಳುತ್ತಿತ್ತು. ನೆಲದ ಮೇಲೆ ಒಂದು ಹನಿಯೂ ಇಲ್ಲ.

ಒಂದೇ ಕ್ಷಣದಲ್ಲಿ ಮೆಕ್ಯಾನಿಕ್ಕಿನ ಎದೆ ಮೊದಲಿನ ಅಳತೆಗೆ ಬಂತು. ಅಂಗಡಿಯಾಕೆಗೆ ಫೋನ್ ಹಚ್ಚಿ, ಭಾವನಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದ.

"ಟೀ ಬಣ್ಣ ಬಂತಮ್ಮ. ನೋಡಿ, ಅದಕ್ಕೆ ಬೇಕಾಗಿದ್ದು ಸೂಕ್ಷ್ಮ ಕೈ. ಇಪ್ಪತ್ತೆರಡು ವರ್ಷದ ಅನುಭವ ಇರೋ ಕೈ."

"ಕೊನೇ ಸಲ ಮುಟ್ಟಿದ್ದು ಯಾವಾಗ?"

"ಗುರುವಾರ. ಆಮೇಲೆ ಲಿಫ್ಟ್ ಗುಂಡಿಯಲ್ಲಿದ್ರು," ಎಂದು ಹೆಂಡತಿ ಉತ್ತರಿಸಿದಳು.

ಅಂಗಡಿಯಾಕೆ ಇನ್ನೊಂದು ಪ್ರಶ್ನೆ ಹಾಕಿದಳು. "ಅವರು ಕೈಗೆ ಎಣ್ಣೆ ಗಿಣ್ಣೆ ಏನಾದ್ರೂ ಹಚ್ಕೊಳ್ತಾರಾ? ಜಿಡ್ಡು ನೀರಿಗೆ ಬಿದ್ರೆ ನೊರೆ ಪಟ್ಟಂತ ಸಾಯುತ್ತೆ. ನಾಲ್ಕೈದು ಗಂಟೆಗೆ ಜಿಡ್ಡು ಕಳೆದು ಮತ್ತೆ ಏಳುತ್ತೆ. ಅಷ್ಟರಲ್ಲಿ ತಿರುಪು ಜಾಸ್ತಿ ತಿರುಗಿಸಿಬಿಟ್ಟಿದ್ರೆ ಉಕ್ಕಿ ಹರಿಯುತ್ತೆ."

ಗಂಡ ಹೆಂಡತಿಯನ್ನು ನೋಡಿದ. ಹೆಂಡತಿ ಕಪಾಟಿನ ಮೇಲಿದ್ದ ಡಬ್ಬಿಯನ್ನು ನೋಡಿದಳು.

"ಅವರು ಹಚ್ಕೊಳ್ಳಲ್ಲ," ಅಂದಳು ಮೆಲ್ಲನೆ. "ಹಚ್ಚೋದು ನಾನು."

"ಎಷ್ಟು?"

"ಮೊಣಕೈ ತನಕ."

ಭಾವ ಗೊಳ್ಳೆಂದು ನಕ್ಕರು. ಮೆಕ್ಯಾನಿಕ್ಕಿಗೂ ನಗು ಬಂತು. ಆ ವಾರದಲ್ಲಿ ಮೊದಲ ಸಲ. ಹೆಂಡತಿ ಮಾತ್ರ ನಗಲಿಲ್ಲ. ನಗು ಅಡಗಿಸಿಕೊಳ್ಳಲು ಬಟ್ಟಲಿನ ಮುಚ್ಚಳ ತೆಗೆದಳು.

ಆಗ ಹೊರಬಂತು ವಾಸನೆ. ನಾಲ್ಕು ವಾರ ನೀರೊಳಗೆ ಕೂತ ಸಮುದ್ರದ ಕಲ್ಲುಗಳು ಬಿಟ್ಟ ಸಕಲ ಕೊಳೆಯೂ ಎರಡು ದಿನದಲ್ಲಿ ಆ ಬಟ್ಟಲಿಗೆ ಇಳಿದಿತ್ತು. ಕಂಬಳಿ ಬಿಡಿಸುತ್ತಿದ್ದ ಭಾವ ಅದರಲ್ಲೇ ಮೂಗು ಮುಚ್ಚಿಕೊಂಡರು.

"ಇದು ಹೀಗೇ ಇರುತ್ತಾ, ಯಾವಾಗ್ಲೂ?" ಎಂದು ಕಂಬಳಿಯೊಳಗಿಂದಲೇ ಕೇಳಿದರು.

"ಮೀನು ಬಂದ ಮೇಲೆ ಇನ್ನೂ ಜಾಸ್ತಿ," ಎಂದಿತು ಫೋನು. "ಮಷೀನು ಚೆನ್ನಾಗಿ ಓಡಿದಷ್ಟೂ ಗಬ್ಬು."

ಭಾವ ಕಂಬಳಿ ಮಡಚಿದರು. "ಇರ್ಲಿ ಬಿಡಪ್ಪ, ನೀನು ಆಸೆಪಟ್ಟು ಮಾಡಿದ್ದು. ನಾನ್ಯಾಕೆ ಕಿತ್ಕೊಳ್ಳಲಿ," ಎನ್ನುತ್ತ ಲಿಫ್ಟಿಗೂ ಕಾಯದೆ ಮೆಟ್ಟಿಲು ಹಿಡಿದರು.

ಮೆಕ್ಯಾನಿಕ್ ಗೆದ್ದಿದ್ದ. ಗೆಲುವಿನ ಬಹುಮಾನ ಕೇಳಲು ಫೋನಿನ ಹತ್ತಿರ ಬಾಗಿದ. "ಹಾಗಾದ್ರೆ ಸಾಯಂಕಾಲ ಆ ಜೋಡಿ ತರಬಹುದಾ?"

"ತರಬಹುದು. ಆದ್ರೆ ತಿರುಪು ಇನ್ಮೇಲೆ ಮನೆಯವರ ಕೈಗೆ. ನೀವು ತೊಟ್ಟಿಗೆ ಕೈ ಹಾಕೋ ಹಾಗಿಲ್ಲ."

"ಮತ್ತೆ ನನಗೇನು ಕೆಲಸ?" ಎಂದು ಅವನು ಹೆಂಡತಿಯ ಕಡೆ ತಿರುಗಿದ.

ಅವಳು ಬಟ್ಟಲನ್ನು ಕಳಚಿ, ತನ್ನ ಮೂಗಿನಿಂದ ಆದಷ್ಟು ದೂರ ಹಿಡಿದು, ಅವನ ಎರಡೂ ಕೈಗಳಲ್ಲಿ ಇಟ್ಟಳು.

"ದಿನಾ ಇದನ್ನ ತೊಳೀರಿ. ಇದಕ್ಕೆ ಅನುಭವ ಏನೂ ಬೇಕಾಗಿಲ್ಲ."