ಎರಡನೇ ಗೀಟು

ಟಪಾಲಿನಲ್ಲಿ ಬಂದದ್ದು ಆದೇಶದ ಮೊದಲ ಹಾಳೆ ಮಾತ್ರ. ಅದರ ಕೊನೆಯ ಸಾಲು ಅಂಚಿಗೆ ಬಂದು ನಿಂತಿತ್ತು: "ಕೊನೆಯ ಶೆಡ್ಡಿನ ಒಂದನೇ ನಂಬರಿನ ಪ್ರಯೋಗ ವಿಮಾನವನ್ನು ಗುಜರಿಗೆ ಹಾಕ-"

ಇಪ್ಪತ್ತು ವರ್ಷ ಆದೇಶಗಳನ್ನೇ ಬಡಿದ ಟೈಪಿಸ್ಟ್ ಅಕ್ಕ ಕನ್ನಡಕ ಏರಿಸಿ, "ಹಾಕತಕ್ಕದ್ದು. ಇನ್ನೇನಿರುತ್ತೆ?" ಎಂದು ವಾಕ್ಯ ಮುಗಿಸಿಕೊಟ್ಟಳು. ಮ್ಯಾನೇಜರು ಗ್ಯಾಸ್ ಕಟರಿನವನಿಗೆ ಫೋನ್ ಮಾಡಿದರು.

ಶೆಡ್ಡಿನ ಗುಮಾಸ್ತ ಅದನ್ನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಇಡೀ ಕಾರ್ಖಾನೆ ಅವನನ್ನು 'ಪೈಲಟ್' ಎನ್ನುತ್ತಿತ್ತು. ಅವನು ವಿಮಾನ ಹತ್ತಿದವನಲ್ಲ. ಹತ್ತೊಂಬತ್ತು ವರ್ಷ ಶೆಡ್ಡಿನ ಆ ಒಂದು ವಿಮಾನದ ಧೂಳು ಒರೆಸಿದವನು. ಯುದ್ಧಕ್ಕೆಂದು ಅಂಥವನ್ನು ಎರಡೇ ಎರಡು ಮಾಡಿದ್ದರು. ಬಾಲದ ಮೇಲೆ ಒಂದನೇ ನಂಬರಿಗೆ ಒಂದು ಕೆಂಪು ಗೀಟು, ಎರಡನೇದಕ್ಕೆ ಎರಡು; ಬೇರೆ ಗುರುತಿರಲಿಲ್ಲ. ಎರಡು ಗೀಟಿನದು ಪರೀಕ್ಷೆಯಲ್ಲೇ ಸಮುದ್ರ ಸೇರಿತ್ತು. ಉಳಿದದ್ದು ಇದೊಂದೇ.

ಕಟರಿನವನು ಬಂದ. ಮೇಲೆ ಹೊದಿಸಿದ್ದ ತಾಡಪಾಲು ಎಳೆದರು. ರೆಕ್ಕೆಗಳು ಮಿಕ್ಕ ವಿಮಾನಗಳಂತೆ ಹಿಂದಕ್ಕಲ್ಲ, ಮುಂದಕ್ಕೆ ಚಾಚಿದ್ದವು, ನೆಗೆಯಲು ಕೂತ ಬೆಕ್ಕಿನ ಮುಂಗಾಲಿನ ಹಾಗೆ. ಕಿಟಕಿಯ ಬೆಳಕು ಮೂತಿಯಿಂದ ಬಾಲದವರೆಗೆ ಎಲ್ಲೂ ತಡವರಿಸದೆ ಜಾರುತ್ತಿತ್ತು. ಗುಜರಿಯಲ್ಲೇ ತಲೆ ನರೆಸಿಕೊಂಡ ಕಟರಿನವನು ಟೋಪಿ ತೆಗೆದ.

"ಊಟ ಮಾಡ್ಕೊಂಡು ಬರ್ತೀನಿ ಸ್ವಾಮಿ. ಖಾಲಿ ಹೊಟ್ಟೇಲಿ ಇದನ್ನ ಕೊಯ್ಯೋಕೆ ಕೈ ಬರಲ್ಲ."

ಆ ಊಟದ ಹೊತ್ತಿನಲ್ಲಿ ಪೈಲಟ್ ಏಣಿ ಹತ್ತಿ, ಮೊದಲ ಗೀಟಿನ ಪಕ್ಕ ಕೆಂಪು ಬಣ್ಣದಲ್ಲಿ ಇನ್ನೊಂದು ಗೀಟು ಎಳೆದ. ಆಮೇಲೆ ಮ್ಯಾನೇಜರನ್ನು ಕರೆತಂದು, "ಆದೇಶ ಒಂದನೇದಕ್ಕೆ ಸಾರ್. ಇದು ಎರಡನೇದು" ಎಂದ.

"ಎರಡನೇದು ಮುಳುಗಿದೆ ಅಲ್ರೀ."

"ಮುಳುಗಿದ್ದು ಒಂದನೇದೇ ಇರ್ಬೇಕು. ನೀವೇ ಎಣಿಸಿ ನೋಡಿ."

ಮ್ಯಾನೇಜರು ಎರಡು ಸಲ ಎಣಿಸಿದರು. ಬೇರೆ ವಿಮಾನ ಕೊಯ್ಯಿಸಿದರೆ ತಮ್ಮ ಕುತ್ತಿಗೆಗೇ ಬರುತ್ತದೆಂದು ಹೊಳೆದು, 'ಒಂದನೇ ನಂಬರು ಇಲ್ಲಿಲ್ಲ' ಎಂದು ಪೈಲಟ್ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡರು. ಕಟರಿನವನು, ಶಿಕ್ಷೆ ತಪ್ಪಿದವನಂತೆ ಸರಸರನೆ ಹೊರಟುಹೋದ.

ನಾಲ್ಕು ಗಂಟೆಗೆ ರೈಲಿನಷ್ಟು ಉದ್ದದ ಲಾರಿ ಬಂತು. ಇಳಿದವರು ವಸ್ತುಸಂಗ್ರಹಾಲಯದ ಮುಖ್ಯಸ್ಥೆ. ಕೈಯಲ್ಲಿ ಎರಡನೇ ಹಾಳೆ. ಅದು ಶುರುವಾದದ್ದೇ "ಕೂಡದು" ಎಂದು. ಮುಂದಕ್ಕೆ: "ಸಂಗ್ರಹಾಲಯಕ್ಕೆ ಒಪ್ಪಿಸುವುದು. ಅದನ್ನು ನೋಡಿಕೊಳ್ಳುತ್ತಿದ್ದ ನೌಕರನನ್ನೂ ಜೊತೆಗೆ ಕಳಿಸುವುದು."

ಟೈಪಿಸ್ಟ್ ಅಕ್ಕ ಏನೋ ನೆನಪಾದವಳಂತೆ ಒಳಗೆ ಹೋದಳು. ಮ್ಯಾನೇಜರು ಸಹಿಯ ಕಾಗದ ಮುಂದಿಟ್ಟು, ಒಂದನೆಯದು ನಮ್ಮಲ್ಲಿಲ್ಲವೆಂದು ಕೈ ಚೆಲ್ಲಿದರು.

"ಇದೇ ಒಂದನೇದು ಮೇಡಂ," ಎಂದ ಪೈಲಟ್. ಸೀಮೆಎಣ್ಣೆಯ ಬಟ್ಟೆ ಹಿಡಿದು ಎಲ್ಲರೆದುರೇ ಏಣಿ ಹತ್ತಿ ಉಜ್ಜಿದ. ಹಸಿ ಗೀಟು ಬಟ್ಟೆಗೆ ಬಂತು. ಅದರ ಹಿಂದೆಯೇ, ಸಿಪ್ಪೆಯೆದ್ದು ಒಂದು ನೆಪಕ್ಕಾಗಿ ಕಾದಿದ್ದ ಹಳೆಯ ಗೀಟೂ ಬಂತು.

ಬೋಳು ಬಾಲ ಬೆಳ್ಳಿಯಂತೆ ಹೊಳೆಯಿತು. ಮುಖ್ಯಸ್ಥೆ ವಿಮಾನಕ್ಕೆ ಒಂದು ಸುತ್ತು ಹಾಕಿ ಬಂದರು.

"ಎಂಥಾ ವಸ್ತು ಇದು," ಎಂದರು ಮೆಲ್ಲಗೆ. "ಆದ್ರೆ ಇದು ಎಷ್ಟನೇದು?"

ಲಾರಿ ಖಾಲಿಯಾಗಿಯೇ ಹಿಂತಿರುಗಿತು. ಬೆಳಿಗ್ಗೆ ಪೈಲಟ್‌ನ ವಶದಲ್ಲಿ ಒಂದು ವಿಮಾನವಿತ್ತು. ಸಂಜೆಗೆ, ಕಾಗದದ ಪ್ರಕಾರ, ಅವನು ಎರಡು ವಿಮಾನ ಕಳೆದುಹಾಕಿದ್ದ. ಗೀಟೇ ಇಲ್ಲದ ಮೂರನೆಯದೊಂದು ಶೆಡ್ಡಿಗೆ ಹೇಗೆ ಬಂತೆಂದು ಲಿಖಿತ ವಿವರಣೆ ಕೊಡಬೇಕಿತ್ತು.