ಸರ್ವೆ ನಂಬರಿನ ಬೀಗ

ಮಕ್ಕಳೇ, ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ನಾಲ್ಕು ಜನರ ಮುಂದೆ ಮಾತಾಡಲೂ ಸಂಕೋಚ. ಆದರೂ ಬೀಗ ಹಾಕುವುದರಲ್ಲಿ ನನ್ನಂಥ ಜಾಣೆ ಹೊಸಬಾಳೆಯಲ್ಲಿ ಇನ್ನೊಬ್ಬಳಿಲ್ಲವೆಂದು ನಿಮ್ಮ ಅಮ್ಮನ ಮದುವೆಯವರೆಗೂ ನಂಬಿದ್ದೆ.

ಆಗ ನಂಬರ್ ಬೀಗದ ಸೂಟ್‌ಕೇಸ್ ನಮ್ಮ ಕಡೆಗೆ ಹೊಸದು. ಬೀಗದಕೈ ಬೇಕಿಲ್ಲ. ಮೂರು ಪುಟ್ಟ ಗಾಲಿಗಳನ್ನು ತಿರುಗಿಸಿ ನಮ್ಮ ಗುಟ್ಟಿನ ಸಂಖ್ಯೆಗೆ ತಂದರೆ ತೆರೆದುಕೊಳ್ಳುತ್ತದೆ. ಅಂಥದ್ದೊಂದನ್ನು ಕೊಂಡು, ನಿಮ್ಮ ತಾತ ತೀರಿಹೋಗುವ ಮೊದಲೇ ಮಗಳಿಗೆಂದು ಮಾಡಿಸಿದ್ದ ತವರಿನ ತಾಳಿಯನ್ನು ಅದರಲ್ಲಿಟ್ಟೆ. ಅವರು ಅವಳಿಗೆಂದು ಬಿಟ್ಟುಹೋದದ್ದು ಅದೊಂದೇ. ಸಂಖ್ಯೆ ಮರೆಯಬಾರದಲ್ಲ? ನಮ್ಮ ಗದ್ದೆಯ ಸರ್ವೆ ನಂಬರ್ ಇಟ್ಟೆ. ನೂರ ನಲವತ್ತೇಳು!

ಮದುವೆ ಶಿಕಾರಿಪುರದ ಛತ್ರದಲ್ಲಿ. ಹಿಂದಿನ ದಿನ ಅಲ್ಲಿ ಇಳಿದು ಕೈಕಾಲು ತೊಳೆದು ಬರುವಷ್ಟರಲ್ಲಿ ನಾದಿನಿ ಪಾರ್ವತಿ ಸೂಟ್‌ಕೇಸ್ ತೆರೆದು ಕೂತಿದ್ದಳು.

"ಹೆಂಗೆ ತೆಗೆದೆಯೇ?"

"ಕರ್ಪೂರ ಬೇಕಿತ್ತು ಅತ್ತಿಗೆ. ನಮ್ಮಪ್ಪನ ಗದ್ದೆ ನಂಬರ್ ನಂಗೊತ್ತಿಲ್ವಾ?"

ಅವಳನ್ನು ಗದರಿಸಿ ಕಳಿಸಿದೆ. ಭದ್ರತಾ ವ್ಯವಸ್ಥೆಯನ್ನು ತಕ್ಷಣ ಬಿಗಿಗೊಳಿಸಲಾಯಿತು. ಅಂದರೆ, ಸಂಖ್ಯೆಯನ್ನು ತಿರುವಿ ಹಾಕಿದೆ. ಏಳುನೂರ ನಲವತ್ತೊಂದು! ಇನ್ನು ಬ್ರಹ್ಮನೂ ತೆಗೆಯಲಾರ.

ಮರುದಿನ ಬೀಗರನ್ನು ಎದುರುಗೊಳ್ಳಲು ಸೂಟ್‌ಕೇಸಿನ ಪಕ್ಕದಿಂದ ಒಂದು ಗಳಿಗೆ ಎದ್ದು ಹೋದೆ, ಅಷ್ಟೇ. ಮುಹೂರ್ತ ಹತ್ತಿರವಾಯಿತು. "ತವರಿನ ತಾಳಿ ತನ್ನಿರಮ್ಮ" ಎಂದು ಅಯ್ಯನೋರು ಕೂಗಿದರು. ಗಾಲಿ ತಿರುಗಿಸಿದೆ. ತೆರೆಯಿತು. ತಾಳಿ ಇಟ್ಟಿದ್ದ ಬೆಳ್ಳಿ ಡಬ್ಬಿ ಖಾಲಿ!

ಕೋಣೆಯ ಬಾಗಿಲಿಂದ ಮಂಟಪದಲ್ಲಿದ್ದ ಮಗಳು ಕಾಣುತ್ತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಸೂಟ್‌ಕೇಸನ್ನೇ ಬೋರಲು ಹಾಕಿ ಹುಡುಕಿದೆ. ಅವಳ ಅಪ್ಪನಿಗೆ ಏನು ಹೇಳಲಿ?

ಆಗ ತಟ್ಟೆ ಹಿಡಿದು ಒಳಗೆ ಬಂದವಳು ಗಂಗಮ್ಮ. ನಮ್ಮ ಪಕ್ಕದ ಗದ್ದೆಯವಳು. ಬದುವಿನ ವ್ಯಾಜ್ಯದಿಂದ ಐದು ವರ್ಷ ನಮಗೆ ಮಾತಿರಲಿಲ್ಲ. ಮಾತು ಬಿಟ್ಟವರು ಮದುವೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ತಟ್ಟೆಯಲ್ಲಿ ಅರಿಶಿನ ದಾರಕ್ಕೆ ಪೋಣಿಸಿದ ನಮ್ಮ ತಾಳಿ!

"ಅಲ್ರೀ ನೀಲಮ್ಮ, ದಾರಾನೇ ಇಲ್ದ ತಾಳಿಗೆ ಬೀಗ ಹಾಕಿ ಕೂತಿದ್ರಲ್ಲ, ಹುಡುಗಿ ಕೊರಳಿಗೆ ಅಂಟಿಸ್ತಿದ್ರೇನು?"

ಪೋಣಿಸುವುದು ಮುತ್ತೈದೆಯರ ಕೆಲಸ. ನನ್ನ ಕೆಲಸ ಅವರಿಗೆ ಹೇಳುವುದಾಗಿತ್ತು. ಕಾಯುವ ಭರದಲ್ಲಿ ಅದನ್ನೇ ಮರೆತಿದ್ದೆ. ಪಾರ್ವತಿಯಂತೂ ಗದರಿಸಿಕೊಂಡ ಮೇಲೆ ಸೂಟ್‌ಕೇಸಿನ ಹತ್ತಿರವೇ ಸುಳಿದಿರಲಿಲ್ಲ.

"ಬೀಗ... ಹೆಂಗೆ ತೆಗೆದ್ರಿ?" ಐದು ವರ್ಷದ ಮೇಲೆ ನಾನಾಡಿದ ಮೊದಲ ಮಾತು.

"ನಿಮ್ಮ ಸರ್ವೆ ನಂಬರ್ ಹಿಡ್ಕೊಂಡು ಐದು ವರ್ಷ ಕೋರ್ಟಿಗೆ ಅಲೆದೀನ್ರೀ! ನಿದ್ದೇಲಿ ಕೇಳಿದ್ರೂ ಹೇಳ್ತೀನಿ. ಪೋಣಿಸೋಕೆ ಯಾರ್ನೂ ಕರೀಲಿಲ್ವಲ್ಲ ಅಂತ ನಾನೇ ಬಂದೆ. ಮೊದ್ಲು ನೆಟ್ಟಗೆ ಹಾಕ್ದೆ, ಬರ್ಲಿಲ್ಲ. ತಿರುಗಿಸಿ ಹಾಕ್ದೆ. ನಡೀರಿ, ಮುಹೂರ್ತ ಮೀರ್ತದೆ."

ತಾಳಿ ಮಗಳ ಕೊರಳಿಗೆ ಬಿತ್ತು. ನಾನು ಕಂಬದ ಹಿಂದೆ ನಿಂತು ಅತ್ತೆ. ಗಂಗಮ್ಮನ ಸೆರಗಿನಲ್ಲೇ ಕಣ್ಣೊರೆಸಿಕೊಂಡೆ.

ಊಟದ ಹೊತ್ತಿಗೆ ಬುದ್ಧಿ ಬಂದು ಸಂಖ್ಯೆಯನ್ನು ಮತ್ತೆ ಬದಲಾಯಿಸಿದೆ. ನಾನೂರ ಎಪ್ಪತ್ತೊಂದು. ಅವೇ ಮೂರು ಅಂಕಿಗಳು, ಬೇರೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲವಲ್ಲ!

ಸಂಜೆ ಗಂಗಮ್ಮ ಬಂದಳು. "ಉಳಿದ ದಾರ ಎಲ್ಲಿಡ್ಲಿ?"

"ಸೂಟ್‌ಕೇಸಲ್ಲಿ ಇಡ್ರಿ" ಎಂದೆ.

ಅವಳು ಸಂಖ್ಯೆ ಕೇಳಲಿಲ್ಲ. ಗಾಲಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ನಾನು ಗೋಡೆಯ ಕಡೆ ಮುಖ ತಿರುಗಿಸಿ ನಿಂತೆ. ಗುಟ್ಟು ಕಾಪಾಡಬೇಕಲ್ಲ! ಮೂರನೆಯ ಸಲಕ್ಕೆ 'ಟಕ್' ಎಂದಿತು.