ಸಲೂನಿನವನ ಪಾತ್ರೆ ಸೋಪು

ಹೆಡ್‌ಮಾಸ್ಟರರ ಎಡಗೆನ್ನೆಗೆ ಸಲೂನಿನವನ ಅಂಗೈ ತಾಗಿದ್ದೇ ತಡ, ಅವರು ಕುರ್ಚಿಯಿಂದ ಮೊಳದೆತ್ತರ ನೆಗೆದರು. ಮೊಳವೆಂದರೆ ಕಡಿಮೆ ಹೇಳಿದಂತೆಯೇ. ಇನ್ನೊಂದು ಗೇಣು ನೆಗೆದಿದ್ದರೆ ಫ್ಯಾನೇ ಅವರ ಕೂದಲು ಕತ್ತರಿಸಿ ಕಳಿಸುತ್ತಿತ್ತು. "ಉಳಿದದ್ದು ಸಂಜೆ ನೋಡೋಣಪ್ಪ" ಎಂದವರು, ಬಲಗೆನ್ನೆಯಷ್ಟೇ ಬೋಳಿಸಿಕೊಂಡು, ಎಡಗೆನ್ನೆ ಅದುಮಿ ಹಿಡಿದು ಹೊರಟೇಬಿಟ್ಟರು.

ಬೆಂಚಿನ ಮೇಲಿದ್ದ ಪೇಪರಣ್ಣ ಪೇಪರು ಇಳಿಸಿದ. ದಿನವೂ ಬಂದು ಪುಕ್ಕಟೆ ಓದುವ, ಒಮ್ಮೆಯೂ ಕತ್ತರಿಗೆ ತಲೆ ಕೊಡದ ಆಸಾಮಿ.

"ಎಲ್ಲಿ, ಅಂಗೈ ತೋರಿಸು," ಎಂದ. ತೋರಿಸಿದ್ದಾಯಿತು. "ಇದು ಕೈಯೇನಯ್ಯ? ಮರಕ್ಕೆ ಉಜ್ಜೋ ಉಪ್ಪುಕಾಗದ. ಪಾಪ, ಮೇಷ್ಟ್ರ ಕೆನ್ನೆ ಸಿಪ್ಪೆ ಸುಲಿದುಹೋಗಿರಬೇಕು."

ಸಲೂನಿನವನು ರಸ್ತೆಯಾಚೆ ನೋಡಿದ. ಎದುರುಗಡೆ ಗಾಜಿನ ಬಾಗಿಲಿನ ಎ.ಸಿ. ಸಲೂನೊಂದು ಹೊಸದಾಗಿ ಬಾಯಿ ತೆರೆದು ಕೂತಿತ್ತು. ಹೆಡ್‌ಮಾಸ್ಟರರು ರಸ್ತೆ ದಾಟಿದರೆ ಶಾಲೆಯ ಮೇಷ್ಟ್ರುಗಳೆಲ್ಲ ಸಾಲಾಗಿ ದಾಟುತ್ತಾರೆ. ಆಮೇಲೆ ಇವನ ಕತ್ತರಿಗೆ ಇವನ ಮೀಸೆಯೇ ಗತಿ.

ಅಪರಾಧಿ ಯಾರೆಂದು ಅವನಿಗೆ ಗೊತ್ತಿತ್ತು. ಮನೆಯಲ್ಲಿ ಅಡುಗೆ ಹೆಂಡತಿಯದು, ಪಾತ್ರೆ ಇವನದು. ಅವಳು ತರುತ್ತಿದ್ದ ಬಾರ್ ಸೋಪು ಸೋಪಲ್ಲ, ಹಸಿರು ಬಣ್ಣ ಹಚ್ಚಿದ ಇಟ್ಟಿಗೆ. ಅದಕ್ಕೆ ಬಾಣಲೆಯ ಕರಿಯೂ ಹೋಗುತ್ತಿತ್ತು, ತಿಕ್ಕಿದವನ ಕೈರೇಖೆಯೂ ಹೋಗುತ್ತಿತ್ತು. ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಇವನ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ "ಇನ್ನೊಂದು ಕೈ ಇದೆಯಾ?" ಎಂದು ಕೇಳಿದ್ದನಂತೆ.

ಮಧ್ಯಾಹ್ನ ಮನೆಗೆ ಹೋದವನೇ ಘೋಷಿಸಿದ. "ಪಾತ್ರೆ ತೊಳೆಯೋ ಕೈ ನಂದು. ಇವತ್ತಿಂದ ಸೋಪು ಆರಿಸೋನೂ ನಾನೇ."

ಹೆಂಡತಿ ಈರುಳ್ಳಿ ಹೆಚ್ಚುತ್ತಲೇ ಹೇಳಿದಳು, "ಆರಿಸ್ರೀ. ತಟ್ಟೇಲಿ ಜಿಡ್ಡು ಕಂಡ್ರೆ ಮಾತ್ರ ಆ ತಟ್ಟೆ ನಿಮಗೇ."

ಅಂಗಡಿಯಲ್ಲಿ ಪಕ್ಕದ ಮನೆ ಚಿಕ್ಕಮ್ಮ ನಿಂತಿದ್ದರು. "ಬಟ್ಟೆ ಪುಡಿ ತಗೊಳಪ್ಪ. ಕಾಲರಿನ ಕೊಳೆನೇ ಬಿಡಿಸುತ್ತೆ, ಬಾಣಲೆ ಜಿಡ್ಡು ಯಾವ ಲೆಕ್ಕ?"

"ಬೇಡಮ್ಮ, ಅದು ಎಷ್ಟು ತೊಳೆದ್ರೂ ನೊರೆ ಬಿಡ್ತಾನೇ ಇರುತ್ತೆ. ಉಣ್ಣೋ ತಟ್ಟೆ ಅದು," ಎಂದ ಅಂಗಡಿಯವನು. "ಪಾತ್ರೆ ಲಿಕ್ವಿಡ್ ಇದೆ, ಕೈಗೂ ಮೆದು. ಬೋಗುಣಿ ನೀರಿಗೆ ಒಂದು ಮುಚ್ಚಳ ಕಲಸಿದ್ರೆ ಸಾಕು."

ಇಬ್ಬರಿಗೂ ಬೇಜಾರಾಗಬಾರದೆಂದು ಎರಡನ್ನೂ ತಂದ.

ಮೊದಲು ಪುಡಿ. ಧಾರಾಳಿ ಮನುಷ್ಯ, ಬೊಗಸೆ ತುಂಬ ಸುರಿದ. ನೊರೆ ಸಿಂಕು ತುಂಬಿತು, ಅಡುಗೆಮನೆ ದಾಟಿತು, ಪೈಪಿನಲ್ಲಿಳಿದು ಕೆಳಗಿನ ಮನೆಯಲ್ಲೂ ಎದ್ದಿತು. ಅಲ್ಲಿನ ಗಡಿಯಾರ ರಿಪೇರಿಯವರು ಮೊಣಕಾಲುದ್ದ ನೊರೆ ಮೆತ್ತಿಕೊಂಡು ಮೇಲೆ ಬಂದರು.

"ನಮ್ಮ ಬಚ್ಚಲಿಗೆ ಮೋಡ ಇಳಿದಿದೆ. ನಿಮ್ಮನೇದಾ?"

"ನಮ್ದೇ. ಸ್ನಾನಕ್ಕೆ ಬೇಕಾದ್ರೆ ಇಟ್ಕೊಳ್ಳಿ," ಎಂದ ಸಲೂನಿನವನು. ಸೋಲೊಪ್ಪುವ ಪೈಕಿಯೇ ಅಲ್ಲ.

ಆಮೇಲೆ ಲಿಕ್ವಿಡ್. ಒಂದು ಮುಚ್ಚಳವಂತೆ, ಜಿಪುಣರ ಲೆಕ್ಕ ಎಂದುಕೊಂಡು ನೇರವಾಗಿ ಹೊಯ್ದ. ಕುಕ್ಕರಿನ ಮುಚ್ಚಳ ಮೀನಿನ ಹಾಗೆ ಕೈಜಾರಿ ಕಿಟಕಿಯಿಂದ ಹಾರಿತು. ಚಿಕ್ಕಮ್ಮನ ಅಂಗಳದಿಂದ ದನಿ ಬಂತು. "ಅಡುಗೆ ಹಿಂದಿಂದ ಬರುತ್ತೇನಪ್ಪ, ಮುಚ್ಚಳ ಮೊದ್ಲು ಕಳ್ಸಿದೀಯಲ್ಲ?"

"ಹಳೇ ಸೋಪು ಕೊಡ್ಲೇನ್ರೀ?" ಎಂದಳು ಹೆಂಡತಿ.

"ತಲೆ ಬೋಳಿಸ್ಕೊಂಡೇನು, ಅದನ್ನ ಮುಟ್ಟೋದಿಲ್ಲ."

ಹಟ ಬಂದರೆ ಕಸುಬು ತಾನಾಗಿ ಕೈಗೆ ಬರುತ್ತದೆ. ಬೋಗುಣಿ ನೀರಿಗೆ ಒಂದೇ ಒಂದು ಮುಚ್ಚಳ ಲಿಕ್ವಿಡ್ ಕಲಸಿದ. ಹೊಸ ಶೇವಿಂಗ್ ಬ್ರಷ್ ತೆಗೆದು ಲೋಟದ ಕೆನ್ನೆ, ಬಾಣಲೆಯ ಗದ್ದ, ಚೊಂಬಿನ ಕುತ್ತಿಗೆಗೆಲ್ಲ ಗಿರಾಕಿಗಳಿಗೆ ಹಚ್ಚುವಂತೆ ನೊರೆ ಹಚ್ಚಿದ. ತಟ್ಟೆಗಳು ಹೊಳೆದ ಹೊಳಪಿಗೆ ಎದುರು ಮನೆಯವರು ಕಿಟಕಿಯ ಪರದೆ ಎಳೆದರು. ಹೆಂಡತಿ ಒಂದು ತಟ್ಟೆ ಎತ್ತಿ, ಮುಖ ನೋಡಿಕೊಂಡು, ಮುಂಗೂದಲು ಸರಿಮಾಡಿಕೊಂಡಳು.

ಉಳಿದ ಹೊತ್ತೆಲ್ಲ ಅಂಗೈಗೆ ಡಬ್ಬಿಗಟ್ಟಲೆ ಕ್ರೀಮು ಬಳಿದುಕೊಂಡು, ಎರಡೂ ಕೈ ಮೇಲೆತ್ತಿ ಕೂತ. ಸಂಜೆ ಹೊತ್ತಿಗೆ ಅವನ ಅಂಗೈ ಎಂಥ ನುಣುಪೆಂದರೆ, ಕೂತ ನೊಣ ಜಾರಿಬಿದ್ದು ಸೊಂಟ ಮುರಿದುಕೊಂಡಿತು.

ಹೆಡ್‌ಮಾಸ್ಟರರು ಬಂದರು. ಎಡಗೆನ್ನೆಯೂ ಆಯಿತು, ಹೂವು ಸವರಿದ ಹಾಗೆ. ಅವರು ಅಲುಗಲಿಲ್ಲ. ಸಲೂನಿನವನು ಕನ್ನಡಿಯಲ್ಲಿ ಪೇಪರಣ್ಣನತ್ತ ಹುಬ್ಬು ಹಾರಿಸಿದ.

"ಇನ್ನು ತಲೆ ತಿಕ್ಕಪ್ಪ," ಎಂದು ಅವರು ಕಣ್ಣುಮುಚ್ಚಿದರು. ಇವನು ತಿಕ್ಕತೊಡಗಿದ. ಸ್ವಲ್ಪ ಹೊತ್ತಿಗೇ ಅವರು ಕಣ್ಣುಬಿಟ್ಟರು.

"ನಿನ್ನ ಕೈಗೇನಾಯ್ತು?"

"ಮೆತ್ತಗಾಗಿದೆ ಸಾರ್. ಪಾತ್ರೆ ಸೋಪು ಬದಲಾಯಿಸ್ದೆ. ಬೆಳಿಗ್ಗೆ ನನ್ನ ಕೈ ತಾಗಿ ನಿಮಗೆ ನೋವಾಯ್ತಲ್ಲ, ಅದಕ್ಕೆ."

"ಅದು ಹಲ್ಲುನೋವು ಕಣಪ್ಪ. ಮಧ್ಯಾಹ್ನ ಕೀಳಿಸ್ಕೊಂಡು ಬಂದೆ." ಬಾಯಿ ತೆರೆದು ಖಾಲಿ ಜಾಗ ತೋರಿಸಿದರು. "ನಾನು ಬರ್ತಿದ್ದದ್ದೇ ನಿನ್ನ ಆ ಒರಟು ಅಂಗೈಗೆ. ಪರಪರ ಅಂತ ತಿಕ್ಕಿದ್ರೆ ಶಾಲೆಯಲ್ಲಿರೋ ತಲೆನೋವೆಲ್ಲ ಇಳಿದುಹೋಗೋದು. ನಮ್ಮ ಮೇಷ್ಟ್ರುಗಳನ್ನ ಕಳಿಸ್ತಿದ್ದದ್ದೂ ಅದಕ್ಕೇ. ಬೆಣ್ಣೆ ಕೈಯೇ ಸಾಕು ಅಂದ್ರೆ ಎದುರುಗಡೆ ತಣ್ಣಗೆ ಕೂತ್ಕೊಂಡು ಮಾಡಿಸ್ಕೊಬಹುದಲ್ಲ."

ಅವರು ಎದ್ದು ಚಪ್ಪಲಿ ಮೆಟ್ಟಿದರು. ಸಲೂನಿನವನು ಬಾಗಿಲಿಗೆ ಅಡ್ಡ ಕೈಚಾಚಿ ನಿಂತ.

"ಒಂದು ವಾರ ಕೊಡಿ ಸಾರ್. ಈ ಕೈನ ಗರಗಸ ಮಾಡಿ ತೋರಿಸ್ತೀನಿ."

"ಹೇಗಪ್ಪ?"

"ಈ ಬೀದಿಯ ಅಷ್ಟೂ ಮನೆ ಪಾತ್ರೆ ನಾನೇ ತಿಕ್ತೀನಿ. ಯಾರು ಬೇಡ ಅಂತಾರೋ ನೋಡೇಬಿಡ್ತೀನಿ."

ಯಾರೂ ಬೇಡ ಅನ್ನಲಿಲ್ಲ. ಪೇಪರಣ್ಣನಂತೂ ಪೇಪರು ಮಡಚಿಟ್ಟು ಎದ್ದೇಬಿಟ್ಟ.

"ನಮ್ಮನೇಗೆ ಇವತ್ತು ನೆಂಟರು ಬಂದಿದ್ದಾರೆ," ಎಂದ. "ಒಂದೂ ತೊಳೀಬೇಡಿ ಅಂತ ಈಗ್ಲೇ ಹೋಗಿ ಹೇಳಿರ್ತೀನಿ."